ಡೀಪ್ ಪರ್ಪಲ್ ಲೈವ್: ಇಷ್ಟೊಂದು ಆಲ್ಬಮ್‌ಗಳಲ್ಲಿ ಮೊದಲು ಯಾವುದು?

ಅಕ್ಕನ ಮಗ ಗಿಟಾರ್ ಹಿಡಿದು ಆರು ತಿಂಗಳಾಯಿತು. ಗಿಟಾರ್ ಹಿಡಿದವರೆಲ್ಲ ಮೊದಲ ವಾರವೇ ನುಡಿಸುವ ಆ ರಿಫ್, ಅಂದರೆ ಹಾಡಿನಲ್ಲಿ ಮತ್ತೆ ಮತ್ತೆ ಬರುವ ಗಿಟಾರ್ ತುಣುಕು, ಇವನ ಕೈಗೂ ಹತ್ತಿದೆ: ಡೀಪ್ ಪರ್ಪಲ್ ಎಂಬ ರಾಕ್ ಬ್ಯಾಂಡಿನ 'ಸ್ಮೋಕ್ ಆನ್ ದ ವಾಟರ್'. ಮೊನ್ನೆ ಬಂದವನು, "ಮಾಮ, ಈ ಡೀಪ್ ಪರ್ಪಲ್‌ದು ಲೈವ್ ಆಲ್ಬಮ್‌ಗಳಿಗೆ ಲೆಕ್ಕವೇ ಇಲ್ಲ. ಎಲ್ಲದರಲ್ಲೂ ಅವೇ ಹಾಡು. ಯಾವುದಾದರೂ ಒಂದು ಹೇಳು, ಕೇಳಿ ಮುಗಿಸ್ತೀನಿ" ಅಂದ.

ಅವೇ ಹಾಡು ಅನ್ನೋದು ನಿಜ. ಆದರೆ ಹೋದ ರಾಮನವಮಿಗೂ ಕಲ್ಯಾಣಿ ಕೇಳಿದ್ದೆ ಅಂತ ಯಾರೂ ಈ ವರ್ಷ ಕಛೇರಿಗೆ ಹೋಗುವುದನ್ನು ಬಿಡುವುದಿಲ್ಲ. ಹಾಡು ಅದೇ ಇರುತ್ತದೆ, ಅದರೊಳಗೆ ನುಡಿಸುವವರು ಬಿಟ್ಟುಕೊಂಡ ಜಾಗ ದಿನಕ್ಕೊಂದು ಥರ ತುಂಬುತ್ತದೆ. ಈ ಬ್ಯಾಂಡನ್ನು ಕೇಳಬೇಕಾದದ್ದು ಆ ಜಾಗದಲ್ಲಿ.

ನನಗೆ ಇದು ತಿಳಿದದ್ದು ತೀರಾ ತಡವಾಗಿ. ಖಾಲಿ ಕ್ಯಾಸೆಟ್ ಕೊಟ್ಟರೆ ಬೇಕಾದ ಹಾಡು ತುಂಬಿಸಿಕೊಡುವ ಅಂಗಡಿಗಳಿದ್ದವಲ್ಲ, ಅಂಥದೊಂದರಲ್ಲಿ 'ಮೇಡ್ ಇನ್ ಜಪಾನ್' ತುಂಬಿಸಿಕೊಂಡಿದ್ದೆ. ಆಲ್ಬಮ್ ಇರುವುದು 76 ನಿಮಿಷ. ಅಂಗಡಿಯವನು ತುಂಬಿಸಿದ್ದು ಅರವತ್ತರ ಕ್ಯಾಸೆಟ್ಟಿಗೆ. ಎ ಸೈಡಿನಲ್ಲಿ 'ದ ಮ್ಯೂಲ್' ಶುರುವಾಗಿ, ಇನ್ನೇನು ಡ್ರಮ್ಸ್ ಸೋಲೊ ಬರಬೇಕು ಅನ್ನುವಾಗ ಟಪ್ ಅಂತ ಟೇಪು ನಿಲ್ಲುತ್ತಿತ್ತು. ಬಿ ಸೈಡಿನಲ್ಲಿ ಇಪ್ಪತ್ತು ನಿಮಿಷದ 'ಸ್ಪೇಸ್ ಟ್ರಕ್ಕಿನ್' ಅರ್ಧಕ್ಕೇ ಕತ್ತರಿ. ಹಲವು ವರ್ಷ ನಾನು ಕೇಳಿದ್ದು ಹಾಡುಗಳನ್ನು ಮಾತ್ರ. ಕಛೇರಿ ಇದ್ದದ್ದು ಕತ್ತರಿಸಿ ಬಿಸಾಕಿದ ಹದಿನಾರು ನಿಮಿಷದಲ್ಲಿ.

ಹಾಗಾಗಿ ಎರಡು ಲೈವ್ ಆಲ್ಬಮ್ ಎದುರಿಟ್ಟು ಆರಿಸು ಅಂದರೆ ನಾನು ಮೊದಲು ನೋಡುವುದು ಹಾಡಿನ ಉದ್ದ. ಸ್ಟುಡಿಯೊದಲ್ಲಿ 'ಸ್ಪೇಸ್ ಟ್ರಕ್ಕಿನ್' ನಾಲ್ಕೂವರೆ ನಿಮಿಷ, ಜಪಾನಿನಲ್ಲಿ 19 ನಿಮಿಷ 54 ಸೆಕೆಂಡು. ಸ್ಟುಡಿಯೊದಷ್ಟೇ ಉದ್ದ ಲೈವ್‌ನಲ್ಲೂ ಇದ್ದರೆ ಅಲ್ಲಿ ಅಭ್ಯಾಸ ಇರಬಹುದು, ಮನೋಧರ್ಮ ಇರುವ ಸಾಧ್ಯತೆ ಕಡಿಮೆ. ಆಮೇಲೆ ನೋಡುವುದು, ಒಬ್ಬರು ನುಡಿಸಿದ್ದಕ್ಕೆ ಇನ್ನೊಬ್ಬರು ಉತ್ತರ ಕೊಡುತ್ತಾರೋ, ಇಲ್ಲ ತಮ್ಮ ಸರದಿಗೆ ಕಾಯುತ್ತಾ ನಿಂತಿದ್ದಾರೋ ಅಂತ. ಜನರ ಕೂಗಾಟ ನನಗೆ ಲೆಕ್ಕಕ್ಕಿಲ್ಲ.

ಐವರ ಪರಿಚಯ

ಬ್ಯಾಂಡ್ ಹುಟ್ಟಿದ್ದು 1968ರಲ್ಲಿ, ಇಂಗ್ಲೆಂಡಿನಲ್ಲಿ. ಎಷ್ಟೋ ಜನ ಬಂದರು, ಹೋದರು. ಆದರೂ ಡೀಪ್ ಪರ್ಪಲ್ ಅಂದರೆ ಕಣ್ಮುಂದೆ ಬರುವುದು 1969ರಲ್ಲಿ ಕೂಡಿಕೊಂಡ ಐವರು: ಹಾಡಲು ಇಯಾನ್ ಗಿಲನ್, ಗಿಟಾರಿಗೆ ರಿಚಿ ಬ್ಲ್ಯಾಕ್‌ಮೋರ್, ಆರ್ಗನ್‌ಗೆ ಜಾನ್ ಲಾರ್ಡ್, ಬೇಸ್‌ಗೆ ರಾಜರ್ ಗ್ಲೋವರ್, ಡ್ರಮ್ಸ್‌ಗೆ ಇಯಾನ್ ಪೇಸ್.

ಇವರಲ್ಲಿ ನಾನು ಮೊದಲು ಕಿವಿಗೊಡಲು ಹೇಳುವುದು ಲಾರ್ಡ್‌ಗೆ. ರಾಕ್ ಬ್ಯಾಂಡಿನಲ್ಲಿ ಕೀಬೋರ್ಡ್ ಅಂದರೆ ಸಾಮಾನ್ಯವಾಗಿ ಹಿಂದೆ ಹಾಸಿದ ಜಮಖಾನ. ಲಾರ್ಡ್ ತಮ್ಮ ಹ್ಯಾಮಂಡ್ ಆರ್ಗನ್ನನ್ನು ಗಿಟಾರಿನವರು ಬಳಸುವ ಮಾರ್ಷಲ್ ಆಂಪ್ಲಿಫೈಯರಿಗೇ ಕೊಟ್ಟರು. ಚರ್ಚಿನ ಪ್ರಾರ್ಥನೆಗೆ ಒಗ್ಗಿದ ದನಿ ಗುರುಗುಟ್ಟತೊಡಗಿತು. ಗಿಟಾರಿನ ಜೊತೆ ಸರಿಸಮ ಜಗಳಕ್ಕೆ ನಿಲ್ಲುವ ಶಕ್ತಿ ಅದಕ್ಕೆ ಬಂದದ್ದು ಹಾಗೆ. ಪೇಸ್ ಎಡಗೈಯವರು, ಅವರ ಡ್ರಮ್ಸ್ ಜೋಡಣೆಯೇ ಕನ್ನಡಿಯಲ್ಲಿ ನೋಡಿದಂತೆ ತಿರುವುಮುರುವು. ಜಾಸ್‌ನ ಜೀನ್ ಕ್ರೂಪಾ, ಬಡ್ಡಿ ರಿಚ್ ಅವರನ್ನು ಮೆಚ್ಚಿ ಬೆಳೆದವರು, ಅದಕ್ಕೇ ಅವರ ಪೆಟ್ಟಿನಲ್ಲಿ ಭಾರಕ್ಕಿಂತ ತೂಗು ಜಾಸ್ತಿ. ಬ್ಯಾಂಡಿನ ಎಲ್ಲ ಅವತಾರಗಳಲ್ಲೂ ಇದ್ದವರು ಅವರೊಬ್ಬರೇ. ಗ್ಲೋವರ್ ಬಗ್ಗೆ ಯಾರೂ ಹೆಚ್ಚು ಮಾತಾಡುವುದಿಲ್ಲ. ತಂಬೂರಿಯ ಬಗ್ಗೆಯೂ ಯಾರೂ ಮಾತಾಡುವುದಿಲ್ಲ, ನಿಂತಾಗಲೇ ಗೊತ್ತಾಗುವುದು.

ಮೇಡ್ ಇನ್ ಜಪಾನ್

ನೇರವಾಗಿ ಹೇಳಿಬಿಡುತ್ತೇನೆ, ಒಂದೇ ಒಂದು ಕೇಳುವುದಾದರೆ ಇದು. ಬ್ಯಾಂಡಿನವರಿಗೆ ಈ ಆಲ್ಬಮ್ ಬೇಕೇ ಇರಲಿಲ್ಲ. ಬೇಕು ಅಂದದ್ದು ಜಪಾನಿನ ರೆಕಾರ್ಡ್ ಕಂಪನಿ. ಹಾಗಾದರೆ ನಮ್ಮ ಎಂಜಿನಿಯರೇ ಬರಲಿ ಅಂತ ಮಾರ್ಟಿನ್ ಬರ್ಚ್ ಅವರನ್ನು ಕರೆದುಕೊಂಡು ಹೋದರು. 1972ರ ಆಗಸ್ಟ್ 15 ಮತ್ತು 16ರಂದು ಒಸಾಕಾದಲ್ಲಿ, 17ರಂದು ಟೋಕಿಯೊದ ಬುಡೋಕಾನ್‌ನಲ್ಲಿ ನುಡಿಸಿದ್ದನ್ನು ಎಂಟು ಟ್ರ್ಯಾಕಿನ ಯಂತ್ರದಲ್ಲಿ ಹಿಡಿದರು. ಆಮೇಲೆ ಕೂತು ಮಿಕ್ಸ್ ಮಾಡಿದವರು ಗ್ಲೋವರ್ ಮತ್ತು ಪೇಸ್. ಸ್ಟುಡಿಯೊಗೆ ಹೋಗಿ ತಪ್ಪು ತಿದ್ದುವ, ಮತ್ತೆ ಹಾಡಿ ಅಂಟಿಸುವ ಕೆಲಸ ಮಾಡಲಿಲ್ಲ. ಲೈವ್ ಅಂತ ಮುದ್ರೆ ಒತ್ತಿಕೊಂಡು ಬಂದ ಎಷ್ಟೋ ಆಲ್ಬಮ್‌ಗಳ ಬಗ್ಗೆ ಈ ಮಾತು ಹೇಳಲಾಗುವುದಿಲ್ಲ.

ಏಳೇ ಹಾಡು. 'ಸ್ಟ್ರೇಂಜ್ ಕೈಂಡ್ ಆಫ್ ವುಮನ್' ನಡುವಿಗೆ ಬನ್ನಿ. ಹಾಡು ಒಂದು ಕಡೆ ಬಂದು ನಿಲ್ಲುತ್ತದೆ. ಬ್ಲ್ಯಾಕ್‌ಮೋರ್ ಗಿಟಾರಿನಲ್ಲಿ ಎರಡು ಮೂರು ಸ್ವರದ ಚಿಕ್ಕ ತುಣುಕೊಂದನ್ನು ಎಸೆಯುತ್ತಾರೆ. ಗಿಲನ್ ಅದನ್ನೇ ಗಂಟಲಿನಲ್ಲಿ ವಾಪಸು ಕೊಡುತ್ತಾರೆ. ಇನ್ನೊಂದು. ಅದಕ್ಕೂ ಉತ್ತರ. ಪಿಟೀಲಿನವರು ಗಾಯಕರ ಸ್ವರವನ್ನು ಹಿಂಬಾಲಿಸುವುದು ನಮಗೆ ಗೊತ್ತು, ಇಲ್ಲಿ ಉಲ್ಟಾ: ತಂತಿ ಮುಂದೆ, ಕಂಠ ಹಿಂದೆ. ಬ್ಲ್ಯಾಕ್‌ಮೋರ್ ಬೇಕಂತಲೇ ಹಾಡಲಾಗದ ಕಡೆ ಎಳೆದುಕೊಂಡು ಹೋಗುತ್ತಾರೆ, ಗಿಲನ್ ಬಿಡುವುದಿಲ್ಲ. ಕೊನೆಗೆ ಗಿಲನ್ ಎತ್ತುವ ಕೂಗಿಗೆ ಗಿಟಾರಿನ ಬಳಿ ಜವಾಬಿರುವುದಿಲ್ಲ. ಆ ರಾತ್ರಿ ಆಗಸ್ಟ್ 16. ಮೂರು ದಿನ ಕಳೆದರೆ ಗಿಲನ್‌ಗೆ 27 ತುಂಬುತ್ತಿತ್ತು. ಈ ಸವಾಲು ಜವಾಬು ಕೇಳುವಾಗ ನಗು ಬರದಿದ್ದರೆ ವಾಲ್ಯೂಮ್ ಕಡಿಮೆ ಇದೆ ಅಂತ ಅರ್ಥ.

'ಚೈಲ್ಡ್ ಇನ್ ಟೈಮ್' ಹನ್ನೆರಡು ನಿಮಿಷ. ಆರ್ಗನ್ ಮೆತ್ತಗೆ ಶುರು ಮಾಡುತ್ತದೆ. ಆ ಆರ್ಗನ್ ಮಟ್ಟಿಗೆ ಮೂಲ ಸ್ಯಾನ್ ಫ್ರಾನ್ಸಿಸ್ಕೊದ 'ಇಟ್ಸ್ ಎ ಬ್ಯೂಟಿಫುಲ್ ಡೇ' ಎಂಬ ಬ್ಯಾಂಡಿನ ಒಂದು ತುಣುಕು. ಅದರ ಹೆಸರು 'ಬಾಂಬೆ ಕಾಲಿಂಗ್'. ಹೆಸರಿನಲ್ಲಷ್ಟೇ ಬಾಂಬೆ. ಗಿಲನ್ ಪಿಸುಮಾತಿನಿಂದ ಚೀರಾಟದವರೆಗೆ ಮೆಟ್ಟಿಲು ಮೆಟ್ಟಿಲಾಗಿ ಏರುವುದನ್ನು ಎಲ್ಲರೂ ಹೊಗಳುತ್ತಾರೆ. ನಾನು ಹೇಳುವುದು ಅದರ ಹಿಂದಿನ ಪೇಸ್‌ರನ್ನು ಕೇಳಿ ಅಂತ. ಕಂಠ ಒಂದು ಮೆಟ್ಟಿಲು ಏರುವ ಮುಂಚೆಯೇ ಅವರ ಕೈ ಅಲ್ಲಿಗೆ ಹೋಗಿ ಕಾಯುತ್ತಿರುತ್ತದೆ.

'ದ ಮ್ಯೂಲ್' ಅಂದರೆ ಪೇಸ್‌ರ ತನಿ ಆವರ್ತನ. ತನಿ ಶುರುವಾದ ಕೂಡಲೇ ಕಾಫಿಗೆ ಎದ್ದು ಹೋಗುವವರು ಕಛೇರಿಯಲ್ಲಿದ್ದಂತೆ ಇಲ್ಲೂ ಇದ್ದಾರೆ. ಮೊದಲ ಸಲ ಎದ್ದು ಹೋಗಿ, ತಪ್ಪಿಲ್ಲ. ಎರಡನೇ ಸಲ ಕೂತು, ಟರ್ರ್ ಅನ್ನುವ ಸ್ನೇರ್ ಡ್ರಮ್ಮಿನ ಉರುಳಿಕೆಯನ್ನು ಮಾತ್ರ ಹಿಂಬಾಲಿಸಿ. ಕೈ ಯಾವುದು ಯಾವಾಗ ಬದಲಾಯಿತು ಅಂತ ಹೇಳಲಾಗದಷ್ಟು ಸಮ.

'ಸ್ಮೋಕ್ ಆನ್ ದ ವಾಟರ್' ಒಂದೇ ಮೊದಲ ರಾತ್ರಿಯದು, ಆಗಸ್ಟ್ 15ರದು. ಹಾಡಿನ ಕಥೆ ಗೊತ್ತಿರಬಹುದು: 1971ರ ಡಿಸೆಂಬರ್ 4ರಂದು ಸ್ವಿಟ್ಜರ್ಲೆಂಡಿನ ಮಾಂಟ್ರೊದಲ್ಲಿ ಅಮೆರಿಕದ ರಾಕ್ ಸಂಗೀತಗಾರ ಫ್ರಾಂಕ್ ಜಾಪಾ ಕಛೇರಿ ನಡೆಯುವಾಗ ಯಾರೋ ಹಾರಿಸಿದ ಫ್ಲೇರ್ ಗನ್ನಿನಿಂದ ಕ್ಯಾಸಿನೊ ಸುಟ್ಟುಹೋಯಿತು, ಹೊಗೆ ಕೆರೆಯ ಮೇಲೆ ಹಬ್ಬಿತು. ಗಿಟಾರ್ ಕಲಿಯುವವರಿಗೆ ಒಂದು ಮಾತು: ಆ ರಿಫ್ಫನ್ನು ಬ್ಲ್ಯಾಕ್‌ಮೋರ್ ಪಿಕ್‌ನಿಂದ, ಅಂದರೆ ತಂತಿ ಮೀಟುವ ಚಿಕ್ಕ ಬಿಲ್ಲೆಯಿಂದ, ಬಾರಿಸುವುದಿಲ್ಲ, ಎರಡು ತಂತಿಯನ್ನು ಬೆರಳಿನಿಂದ ಒಟ್ಟಿಗೆ ಮೀಟುತ್ತಾರೆ. ಅಂಗಡಿಯಲ್ಲಿ ಗಿಟಾರ್ ಪರೀಕ್ಷೆ ಮಾಡುವ ಹುಡುಗರ ಕೈಯಲ್ಲಿ ಅದು ಒರಟಾಗಿ ಕೇಳುವುದಕ್ಕೆ ಅರ್ಧ ಕಾರಣ ಇದೇ. ಅಕ್ಕನ ಮಗನೂ ಅದನ್ನು ಪಿಕ್‌ನಲ್ಲೇ ಉಜ್ಜುತ್ತಿದ್ದ.

ಇನ್ನು 'ಸ್ಪೇಸ್ ಟ್ರಕ್ಕಿನ್'. ಹಳೆಯ ಎಲ್‌ಪಿಯಲ್ಲಿ ಇದೊಂದೇ ಹಾಡಿಗೆ ನಾಲ್ಕನೇ ಸೈಡು ಪೂರ್ತಿ. ಮೊದಲ ಐದು ನಿಮಿಷ ಹಾಡು, ಉಳಿದದ್ದು ಅವರು 'ಮ್ಯಾಂಡ್ರೇಕ್ ರೂಟ್' ಎಂಬ ಹಳೆಯ ಹಾಡಿನ ಕೊನೆಗೆ ನುಡಿಸುತ್ತಿದ್ದ ವಿಸ್ತಾರವನ್ನೇ ತಂದು ಇಲ್ಲಿ ಕೂರಿಸಿದ್ದು. ಇದು ಎಲ್ಲರಿಗೂ ಹಿಡಿಸುವುದಿಲ್ಲ, ನನಗೂ ನಡುವೆ ಎರಡು ಮೂರು ನಿಮಿಷ ಬೇಸರವಾಗುತ್ತದೆ. ಆದರೆ ಎಲ್ಲಿಗೆ ಹೋಗುತ್ತಿದ್ದೇವೆ ಅಂತ ಐವರಿಗೂ ಗೊತ್ತಿಲ್ಲದ ಒಂದು ಗಳಿಗೆಯನ್ನು ಟೇಪಿನಲ್ಲಿ ಕೇಳುವುದು ಅಪರೂಪ.

ಯಾವ ಆವೃತ್ತಿ? ಏಳು ಹಾಡಿನ ಮೂಲ ಆಲ್ಬಮ್ಮೇ ಸಾಕು. 1993ರಲ್ಲಿ 'ಲೈವ್ ಇನ್ ಜಪಾನ್' ಹೆಸರಿನಲ್ಲಿ ಮೂರೂ ರಾತ್ರಿಗಳ ಬಹುಭಾಗ ಮೂರು ಸಿಡಿಗಳಲ್ಲಿ ಬಂತು. ಅದನ್ನು ಮೊದಲೇ ತೆಗೆದುಕೊಂಡರೆ ಸುಸ್ತಾಗುತ್ತೀರಿ. ಆದರೆ ವಾದ್ಯ ಕಲಿಯುವವರಿಗೆ ಅದರಷ್ಟು ಒಳ್ಳೆಯ ಪಾಠ ಇನ್ನೊಂದಿಲ್ಲ. ಒಂದೇ ಹಾಡನ್ನು ಮೂರು ರಾತ್ರಿಯೂ ಬೆನ್ನಿಗೆ ಬೆನ್ನು ಕೇಳಿದರೆ ಯಾವುದು ಬಾಯಿಪಾಠ, ಯಾವುದು ಆ ಕ್ಷಣಕ್ಕೆ ಹೊಳೆದದ್ದು ಅಂತ ಬಿಡಿಬಿಡಿಯಾಗಿ ಕಾಣುತ್ತದೆ.

ಬಿಬಿಸಿಯದ್ದೋ, ಯುರೋಪಿನದ್ದೋ

ದೊಡ್ಡ ಸಭಾಂಗಣದ ಗದ್ದಲ ಬೇಡ ಅನ್ನುವವರಿಗೆ 'ಇನ್ ಕಾನ್ಸರ್ಟ್' ಇದೆ. 1980ರಲ್ಲಿ ಹೊರಬಂದ ಇದರಲ್ಲಿ ಬಿಬಿಸಿಗಾಗಿ ನುಡಿಸಿದ ಎರಡು ಕಛೇರಿಗಳಿವೆ: 1970ರ ಫೆಬ್ರುವರಿಯದು, 1972ರ ಮಾರ್ಚ್‌ನದು. ಎರಡನೆಯದು ನಡೆದದ್ದು ಪ್ಯಾರಿಸ್ ಥಿಯೇಟರಿನಲ್ಲಿ. ಹೆಸರು ಪ್ಯಾರಿಸ್, ಇದ್ದದ್ದು ಲಂಡನ್ನಿನಲ್ಲಿ. ಬುಡೋಕಾನ್ ರಥಬೀದಿಯಾದರೆ ಇದು ಮನೆಯ ಪಡಸಾಲೆ. ವಾದ್ಯಗಳು ಹತ್ತಿರ, ಪ್ರತಿಧ್ವನಿ ಕಡಿಮೆ, ಬೇಸ್ ಸ್ಪಷ್ಟ.

1970ರ ಭಾಗದ ಬೆಲೆ ಬೇರೆಯೇ. 'ಚೈಲ್ಡ್ ಇನ್ ಟೈಮ್' ಇನ್ನೂ ಯಾವ ಆಲ್ಬಮ್ಮಿನಲ್ಲೂ ಬಂದಿರಲಿಲ್ಲ, ಅದು ಸೇರಿದ 'ಇನ್ ರಾಕ್' ಬಂದದ್ದು ಆ ಜೂನ್‌ನಲ್ಲಿ. ಹಾಡಿಗೆ ಇನ್ನೂ ಹೆಸರು ಬಂದಿಲ್ಲ, ಹಾಡುವವರಿಗೆ ಇನ್ನೂ ಭಯವಿಲ್ಲ. ಇದನ್ನೂ ಜಪಾನಿನದನ್ನೂ ಒಂದರ ಹಿಂದೊಂದು ಕೇಳಿದರೆ ಎರಡೂವರೆ ವರ್ಷದ ಸತತ ಪ್ರಯಾಣ ಒಂದು ಬ್ಯಾಂಡಿಗೆ ಏನು ಮಾಡುತ್ತದೆ ಅಂತ ತಿಳಿಯುತ್ತದೆ. 1972ರ ಭಾಗದಲ್ಲೂ ಒಂದು ತಮಾಷೆ ಇದೆ. 'ಸ್ಮೋಕ್ ಆನ್ ದ ವಾಟರ್' ಇರುವ ಸ್ಟುಡಿಯೊ ಆಲ್ಬಮ್ 'ಮಶೀನ್ ಹೆಡ್' ಅಂಗಡಿಗೆ ಬರಲು ಇನ್ನೂ ಎರಡು ವಾರವಿತ್ತು, ಆ ಹಾಡುಗಳನ್ನು ಕೂತು ಕೇಳಿದವರಿಗೆ ಅವು ಹೊಚ್ಚಹೊಸವು. ಯಾವುದಕ್ಕೆ ಮುಂದೆ ಜಗತ್ತೇ ಕುಣಿಯಲಿದೆ ಅಂತ ಅಲ್ಲಿ ಯಾರಿಗೂ ಗೊತ್ತಿಲ್ಲ. ಅವರು ಮುಂದೆ ವೇದಿಕೆಯಲ್ಲಿ ಅಷ್ಟಾಗಿ ನುಡಿಸದ 'ಮೇಬಿ ಐಯಾಮ್ ಎ ಲಿಯೊ' ಕೂಡ ಇಲ್ಲಿದೆ. ಬೇಸ್ ಕಲಿಯುವವರು ಇದರಿಂದಲೇ ಶುರು ಮಾಡಿ, ನನ್ನ ಆಕ್ಷೇಪವಿಲ್ಲ.

'ಮೇಡ್ ಇನ್ ಯುರೋಪ್' ಬೇರೆಯದೇ ಬ್ಯಾಂಡು ಅಂದುಕೊಳ್ಳಿ. 1973ರಲ್ಲಿ ಗಿಲನ್ ಮತ್ತು ಗ್ಲೋವರ್ ಹೊರನಡೆದು ಡೇವಿಡ್ ಕವರ್‌ಡೇಲ್ ಮತ್ತು ಗ್ಲೆನ್ ಹ್ಯೂಸ್ ಬಂದಿದ್ದರು. ಹ್ಯೂಸ್ ಬೇಸ್ ನುಡಿಸುತ್ತಾ ಹಾಡುವವರು, ಹಾಗಾಗಿ ಎರಡು ಕಂಠ. ಮುದ್ರಿಸಿದ್ದು 1975ರ ಏಪ್ರಿಲ್‌ನಲ್ಲಿ, ಬ್ಲ್ಯಾಕ್‌ಮೋರ್ ಬ್ಯಾಂಡ್ ಬಿಡುವ ಮುಂಚಿನ ಕೊನೆಯ ಕಛೇರಿಗಳಲ್ಲಿ. ಆಲ್ಬಮ್ ಹೊರಬರುವ ಹೊತ್ತಿಗೆ, 1976ರಲ್ಲಿ, ಬ್ಯಾಂಡೇ ಮುರಿದಿತ್ತು. ಐದೇ ಹಾಡು. 'ಮಿಸ್ಟ್ರೀಟೆಡ್' ಒಂದಕ್ಕಾಗಿ ಇದನ್ನು ಕೇಳಬೇಕು. ಜಪಾನಿನಲ್ಲಿ ವೇಗದಲ್ಲಿ ಮಾತಾಡುತ್ತಿದ್ದ ಬ್ಲ್ಯಾಕ್‌ಮೋರ್ ಇಲ್ಲಿ ಒಂದು ಸ್ವರವನ್ನು ಎಳೆದು, ಬಾಗಿಸಿ, ಅದು ಆರುವವರೆಗೂ ಕಾಯುತ್ತಾರೆ. ಗಮಕ ಅಂದರೆ ಕಿವಿ ನಿಮಿರುವವರಿಗೆ ಇದು 'ಹೈವೇ ಸ್ಟಾರ್'ಗಿಂತ ಬೇಗ ಹತ್ತಿರವಾಗುತ್ತದೆ. ಆದರೆ ಲಾರ್ಡ್ ಇಲ್ಲಿ ಸ್ವಲ್ಪ ಹಿಂದೆ ಸರಿದಿದ್ದಾರೆ. ಆರ್ಗನ್, ಗಿಟಾರಿನ ಜಗಳ ಕೇಳಲು ಹೋದರೆ ನಿರಾಸೆ.

ಕೇಳುವುದಕ್ಕಿಂತ ನೋಡುವ ಆಸೆ ಇದ್ದರೆ ಇದೇ ತಂಡದ 1974ರ ಏಪ್ರಿಲ್ 6ರ ಕ್ಯಾಲಿಫೋರ್ನಿಯಾ ಜ್ಯಾಮ್ ವೀಡಿಯೊ ಇದೆ. ಕೊನೆಯಲ್ಲಿ ಬ್ಲ್ಯಾಕ್‌ಮೋರ್ ಟಿವಿ ಕ್ಯಾಮೆರಾಗೆ ಗಿಟಾರಿನಿಂದ ತಿವಿದು, ಆಂಪ್‌ಗೆ ಬೆಂಕಿ ಹತ್ತಿಸಿ ಸ್ಫೋಟ ಮಾಡಿಸಿದ್ದನ್ನೇ ಎಲ್ಲರೂ ತೋರಿಸುತ್ತಾರೆ. ಅದು ಸಂಗೀತ ಅಲ್ಲ, ಸಿಟ್ಟು. ಅದಕ್ಕೆ ಮುಂಚಿನ 'ಬರ್ನ್'ನಲ್ಲಿ ಪೇಸ್‌ರ ಕೈ ನೋಡಿ.

ವಾದ್ಯವೃಂದದ ಜೊತೆಗಿನದು

1969ರ ಸೆಪ್ಟೆಂಬರ್ 24ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ, ಮಾಲ್ಕಮ್ ಆರ್ನಾಲ್ಡ್ ನಿರ್ದೇಶನದ ರಾಯಲ್ ಫಿಲ್‌ಹಾರ್ಮೋನಿಕ್ ಆರ್ಕೆಸ್ಟ್ರಾದ ಜೊತೆ ಲಾರ್ಡ್ ಬರೆದ ಕನ್ಸರ್ಟೊ, ಅಂದರೆ ಬ್ಯಾಂಡೂ ವಾದ್ಯವೃಂದವೂ ಸೇರಿ ನುಡಿಸುವ ದೀರ್ಘ ಕೃತಿ, ನುಡಿಸಿದರು. ಚರಿತ್ರೆಯಲ್ಲಿ ದೊಡ್ಡ ಹೆಸರು. ಆದರೆ ಲೈವ್ ನುಡಿಸಾಣಿಕೆ ಸವಿಯಲು ಇದರಿಂದ ಶುರು ಮಾಡಬೇಡಿ. ಇಬ್ಬರು ನೆಂಟರನ್ನು ಒಂದೇ ಕೋಣೆಯಲ್ಲಿ ಕೂರಿಸಿದ್ದಾರೆ, ಒಬ್ಬರು ಮಾತಾಡುವಾಗ ಇನ್ನೊಬ್ಬರು ಸುಮ್ಮನಿರುತ್ತಾರೆ, ಅಷ್ಟೇ. ಮುಂದೆ ಆ ಸ್ವರಲಿಪಿಯೇ ಕಳೆದುಹೋಯಿತು. ಮಾರ್ಕೊ ದ ಹೂಯ್ ಎಂಬ ಡಚ್ ಸಂಗೀತಗಾರರು ಧ್ವನಿಮುದ್ರಣವನ್ನು ಕೇಳಿ ಕೇಳಿಯೇ ಅದನ್ನು ಮತ್ತೆ ಬರೆದು ಲಾರ್ಡ್‌ಗೆ ಒಪ್ಪಿಸಿದರು. ಅದನ್ನು ತಿದ್ದಿಕೊಂಡು 1999ರಲ್ಲಿ ಅದೇ ಸಭಾಂಗಣದಲ್ಲಿ ಲಂಡನ್ ಸಿಂಫನಿ ಆರ್ಕೆಸ್ಟ್ರಾದ ಜೊತೆ ನುಡಿಸಿದರು. ಕನ್ಸರ್ಟೊ ಬೇಕೇ ಬೇಕು ಅಂದರೆ ಈ ಎರಡನೆಯದು ಕೇಳಿ. ಮೂವತ್ತು ವರ್ಷದಲ್ಲಿ ನೆಂಟರ ನಡುವೆ ಸಲಿಗೆ ಬೆಳೆದಿದೆ.

ವಯಸ್ಸಾದ ಮೇಲೆ

ಹಳೆಯ ಬ್ಯಾಂಡಿನ ಹೊಸ ಆಲ್ಬಮ್ ಕೇಳುವಾಗ ಜನ ಮಾಡುವ ತಪ್ಪು, ಗಿಲನ್‌ರ ಗಂಟಲನ್ನು 1972ರ ಗಂಟಲಿನ ಪಕ್ಕ ಇಟ್ಟು ಅಂಕ ಕೊಡುವುದು. ಆ ಗಂಟಲು ಹೋಯಿತು. 'ಚೈಲ್ಡ್ ಇನ್ ಟೈಮ್' ಅನ್ನು ಅವರು 2000ದ ದಶಕದ ಆರಂಭದಲ್ಲೇ ಕೈಬಿಟ್ಟರು. ಇದನ್ನು ಒಪ್ಪಿಕೊಂಡ ಮೇಲೆ ಕೇಳಲು ಬೇಕಾದಷ್ಟಿದೆ.

ಮುರಿದ ಬ್ಯಾಂಡ್ ಮುಂದೆ ಹಳೆಯ ಐವರೊಂದಿಗೆ ಮತ್ತೆ ಕೂಡಿತ್ತು. 1993ರಲ್ಲಿ ಬ್ಲ್ಯಾಕ್‌ಮೋರ್ ಮತ್ತೆ, ಈ ಸಲ ಶಾಶ್ವತವಾಗಿ, ಎದ್ದು ಹೋದರು. ಆ ಕೊನೆಯ ಪ್ರವಾಸದ 'ಕಮ್ ಹೆಲ್ ಆರ್ ಹೈ ವಾಟರ್' ನುಡಿಸಾಣಿಕೆಗಿಂತ ಮನಸ್ತಾಪದ ದಾಖಲೆ, ಅದನ್ನು ಪಕ್ಕಕ್ಕಿಡಿ. ಅವರ ಜಾಗಕ್ಕೆ ಬಂದ ಅಮೆರಿಕದ ಸ್ಟೀವ್ ಮೋರ್ಸ್ ಜೊತೆಗಿನ ಮೊದಲ ಲೈವ್ ಆಲ್ಬಮ್, ಪ್ಯಾರಿಸ್ಸಿನ ಒಲಂಪಿಯಾದ್ದು, 1996ರದು. ಮದುವೆಯಾದ ಹೊಸತರ ಉತ್ಸಾಹ ಅದರಲ್ಲಿದೆ. ಬ್ಲ್ಯಾಕ್‌ಮೋರ್ ಸ್ವರಗಳ ನಡುವೆ ಜಗಳಕ್ಕೆ ಜಾಗ ಬಿಡುತ್ತಿದ್ದರು. ಮೋರ್ಸ್ ಪ್ರತಿ ಸ್ವರವನ್ನೂ ಪಿಕ್‌ನಿಂದ ಬಿಡಿಸಿ, ತೊಳೆದು, ಸಾಲಾಗಿ ಜೋಡಿಸುತ್ತಾರೆ. ಯಾರು ಮೇಲು ಅನ್ನುವ ವಾದಕ್ಕೆ ನಾನು ಹೋಗುವುದಿಲ್ಲ, ನನಗೆ ಇಷ್ಟ ಬ್ಲ್ಯಾಕ್‌ಮೋರ್. ಆದರೆ ತಂತ್ರ ಕಲಿಯಲು ಮೋರ್ಸ್. 2001ರಲ್ಲಿ ಬ್ಯಾಂಡ್ ಬೆಂಗಳೂರಿಗೆ ಬಂದಾಗ ಇದ್ದದ್ದು ಇದೇ ತಂಡ, ಲಾರ್ಡ್ ಕೂಡ ಜೊತೆಗಿದ್ದರು. ಮುಂದಿನ ವರ್ಷ ಅವರು ಹೊರಬಂದರು, ಆ ಪೀಠಕ್ಕೆ 'ಡಾನ್ ಏರಿ' ಎಂಬುವರು ಬಂದರು. ಲಾರ್ಡ್ ತೀರಿಕೊಂಡದ್ದು 2012ರ ಜುಲೈ 16ರಂದು.

ಈ ಕಾಲದ್ದು ಒಂದೇ ಸಾಕು ಅನ್ನುವವರಿಗೆ 2014ರ ಏಪ್ರಿಲ್‌ನ ಟೋಕಿಯೊ ಕಛೇರಿ ಆರಿಸುತ್ತೇನೆ. ಕಾರಣ ಸರಳ: ಅದೇ ಬುಡೋಕಾನ್. ನಲವತ್ತೆರಡು ವರ್ಷದ ಅಂತರದಲ್ಲಿ ಅದೇ ವೇದಿಕೆಯಲ್ಲಿ ಅದೇ ಗಿಲನ್, ಗ್ಲೋವರ್, ಪೇಸ್. 1972ರಲ್ಲಿ 24ರ ಹುಡುಗನಾಗಿದ್ದ ಪೇಸ್‌ಗೆ ಆಗ 65. ವೇಗ ಸ್ವಲ್ಪ ಇಳಿದಿದೆ, ತೂಗು ಎಲ್ಲೂ ಹೋಗಿಲ್ಲ. ಮೊದಲು ಹತ್ತು ಪೆಟ್ಟಿನಲ್ಲಿ ಹೇಳುತ್ತಿದ್ದುದನ್ನು ಆರರಲ್ಲಿ ಹೇಳಿ ಮುಗಿಸುತ್ತಾರೆ. ಗಿಲನ್ ಮೇಲಿನ ಷಡ್ಜಕ್ಕೆ ಹಾರುವುದಿಲ್ಲ, ಮಾತಿನ ಲಯದಲ್ಲಿ ಹಾಡನ್ನು ನಡೆಸಿಕೊಂಡು ಹೋಗುತ್ತಾರೆ. ಎಪ್ಪತ್ತು ದಾಟಿದ ಗಾಯಕರ ಕಛೇರಿಗೆ ಹೋದ ಅನುಭವ ಇರುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 2022ರಿಂದ ಗಿಟಾರಿಗೆ ಸೈಮನ್ ಮೆಕ್‌ಬ್ರೈಡ್ ಬಂದಿದ್ದಾರೆ.

ಒಂದೇ ಸಂಜೆ ಇದ್ದರೆ

ಎಂಬತ್ತು ನಿಮಿಷ ಬಿಡುವಿದ್ದರೆ ಜಪಾನಿನದನ್ನು ಹಾಕಿ, ನಡುವೆ ಏಳಬೇಡಿ. ಅರ್ಧ ಗಂಟೆ ಮಾತ್ರ ಇದ್ದರೆ 'ಸ್ಟ್ರೇಂಜ್ ಕೈಂಡ್ ಆಫ್ ವುಮನ್', 'ಲೇಜಿ', 'ಸ್ಮೋಕ್', ಈ ಮೂರು. 'ಲೇಜಿ'ಯಲ್ಲಿ ಹಾಡು ಶುರುವಾಗುವ ಮುಂಚೆ ಲಾರ್ಡ್ ಆರ್ಗನ್ನಿನಿಂದ ಎಬ್ಬಿಸುವ ಸದ್ದನ್ನು ದೋಷ ಅಂದುಕೊಂಡು ಮುಂದಕ್ಕೆ ಓಡಿಸಬೇಡಿ. 'ಸ್ಮೋಕ್'ನಲ್ಲಿ ಹಾಡು ಮುಗಿದ ಮೇಲೂ ಆರ್ಗನ್, ಗಿಟಾರ್ ಮಾತು ಮುಂದುವರಿಯುತ್ತದೆ, ಅಲ್ಲಿಯವರೆಗೂ ಕೂತಿರಿ. ಫೋನಿನ ಸ್ಪೀಕರಿನಲ್ಲಿ ಕೇಳುವುದಾದರೆ ಕೇಳದಿರುವುದೇ ವಾಸಿ, ಗ್ಲೋವರ್ ಇಡೀ ಕಛೇರಿಗೆ ಗೈರುಹಾಜರಾಗುತ್ತಾರೆ. ಸಾಧಾರಣ ಹೆಡ್‌ಫೋನ್ ಸಾಕು.

ಅಕ್ಕನ ಮಗ ವಾರ ಬಿಟ್ಟು ಬಂದ. 'ಮ್ಯೂಲ್' ಹೇಗಿತ್ತು ಅಂದೆ. "ಸ್ಕಿಪ್ ಮಾಡಿದೆ ಮಾಮ." ಕ್ಯಾಸೆಟ್ ಅಂಗಡಿಯವನು ನನಗೆ ಮಾಡಿದ್ದನ್ನು ಇವನು ತನ್ನ ಬೆರಳಲ್ಲೇ ಮಾಡಿಕೊಂಡಿದ್ದ. "ಅದಿರಲಿ, 'ಹೈವೇ ಸ್ಟಾರ್'ನಲ್ಲಿ ಆರ್ಗನ್ ಯಾವುದು, ಗಿಟಾರ್ ಯಾವುದು ಅಂತಾನೇ ಒಂದೊಂದ್ಸಲ ಗೊತ್ತಾಗಲ್ವಲ್ಲ?" ಅಂದ. ಹೆಡ್‌ಫೋನ್ ಹಾಕಿಸಿ, ಹಾಡು ಹಚ್ಚಿ, ಒಂದು ಕಿವಿಯದನ್ನು ತೆಗಿ ಅಂದೆ. ತೆಗೆದ. ಆಮೇಲೆ ಅದನ್ನು ಹಾಕಿಕೊಂಡು ಇನ್ನೊಂದನ್ನು ತೆಗೆದ. "ಓ..." ಅಂದವನು, ಹಾಡನ್ನು ಮೊದಲಿನಿಂದ ಹಾಕಿದ.